ಗಂಡ ಕಾಂಗೋದಲ್ಲಿ, ಸಮನ್ಸ್ ಮನೆ ಬಾಗಿಲಿಗೆ

ನಮ್ಮನೆಯವರು ಸೈನ್ಯದಲ್ಲಿ ಹವಾಲ್ದಾರರಾಗಿದ್ದರು. ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆ ಜೊತೆ ಕಾಂಗೋದ ಗೋಮಾಕ್ಕೆ ಹೋಗಿದ್ದ ವರ್ಷ ನಮ್ಮ ಮನೆಗೆ ಸಮನ್ಸ್ ಹಿಡಿದು ಕೋರ್ಟಿನ ಬೇಲಿಫ್ ಬಂದ. ದಾಯಾದಿಗಳು ಹೊಲದ ಮೇಲೆ ಪಾಲಿನ ದಾವೆ ಹಾಕಿದ್ದರು.

"ಅಕ್ಕಾರ, ಸಾಹೇಬ್ರು ಎಲ್ಲಿ ಅದಾರ್ರಿ?"

"ಕಾಂಗೋದಾಗ ಅದಾರ್ರಿ."

ಅವನು ಒಂದು ಕ್ಷಣ ನನ್ನ ಮುಖ ನೋಡಿದ. ಆಮೇಲೆ ನನ್ನ ಸಹಿ ತಗೊಂಡು, ಸಮನ್ಸ್ ಕೊಟ್ಟು ಹೋದ.

ಅಲ್ಲಿ ಗಡಿಯಾರ ನಮಗಿಂತ ಮೂರೂವರೆ ತಾಸು ಹಿಂದೆ. ಅವರ ಡ್ಯೂಟಿ ಮುಗಿದು ಫೋನ್ ಬರುವ ಹೊತ್ತಿಗೆ ಇಲ್ಲಿ ಮಕ್ಕಳು ಮಲಗಿರುತ್ತಿದ್ದರು. ಆ ರಾತ್ರಿ ಸಮನ್ಸ್ ಮಡಿಲಲ್ಲಿ ಇಟ್ಟುಕೊಂಡೇ ಮಾತಾಡಿದೆ. "ಎಲ್ಲ ಆರಾಮ ಐತ್ರಿ" ಅಂದುಬಿಟ್ಟೆ. ಅಷ್ಟು ದೂರ ಇರುವವರ ತಲೆ ಯಾಕೆ ಕೆಡಿಸುವುದು ಅಂತ. ಮರುದಿನ ವಕೀಲರ ಹತ್ತಿರ ಹೋದರೆ, ವಕಾಲತ್ತಿಗೆ ನಮ್ಮನೆಯವರದೇ ಸಹಿ ಬೇಕು ಅಂದರು. ಸಹಿ ಎಲ್ಲಿಂದ ತರಲಿ? ಅವರು ಊರಿಗೆ ಬರುವಷ್ಟರಲ್ಲಿ ನಮ್ಮ ಕಡೆಯ ಮಾತು ಕೇಳದೆಯೇ ತೀರ್ಪು, ಅಂದರೆ ಏಕಪಕ್ಷೀಯ ಡಿಕ್ರಿ, ಆಗಿಹೋಗಿತ್ತು.

ನಮಗೆ ದಾರಿ ತೋರಿಸಿದವರು ಊರಿನ ಒಬ್ಬ ನಿವೃತ್ತ ಸುಬೇದಾರರು. 1925ರ ಭಾರತೀಯ ಸೈನಿಕರ ವ್ಯಾಜ್ಯ ಕಾಯ್ದೆ ಅಂತ ಒಂದಿದೆ. ಹೊರದೇಶದಲ್ಲಿ ಸೇವೆಯಲ್ಲಿರುವ ಸೈನಿಕನ ಮೇಲಿನ ದಾವೆಯನ್ನು ಕೋರ್ಟು ತಡೆಹಿಡಿಯಬಹುದು. ಅವನ ಪರವಾಗಿ ಯಾರೂ ಇಲ್ಲದಾಗ ಆದ ಡಿಕ್ರಿಯನ್ನು ರದ್ದು ಮಾಡಬಹುದು. ಸೈನಿಕನಿಗೆ ಸಮನ್ಸ್ ಕಳಿಸುವುದಾದರೆ ಅವನ ಕಮಾಂಡಿಂಗ್ ಆಫೀಸರ್ ಮೂಲಕ ಕಳಿಸಬೇಕು ಅಂತ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೇ ಇದೆ. ನನ್ನ ಸಹಿ ತಗೊಂಡು ಹೋಗಿದ್ದರಲ್ಲ, ಅದು ನೆನಪಾಗಿ ಹೊಟ್ಟೆ ಉರಿಯಿತು.

ಹಾಗಾದರೆ ಎಡವಿದ್ದೆಲ್ಲಿ? ಎದುರಾಳಿ ಸೈನಿಕ, ಹೊರಗೆ ಸೇವೆಯಲ್ಲಿದ್ದಾನೆ ಅಂತ ಗೊತ್ತಿದ್ದರೆ ದಾವೆ ಹಾಕುವವನೇ ಅದನ್ನು ಬರೆಯಬೇಕು. ಕಾಯ್ದೆ ಹೇಳುವುದು ಇಷ್ಟು. ಹೊಲಕ್ಕೆ ಕಣ್ಣು ಹಾಕಿದ ದಾಯಾದಿ ಅದನ್ನು ಯಾಕೆ ಬರೆಯುತ್ತಾನೆ, ಹೇಳಿ? ನಮ್ಮವರು ಯೂನಿಫಾರ್ಮ್ ಹಾಕಿಕೊಂಡು ಅವರ ಮನೆ ಮದುವೆಯಲ್ಲಿ ಊಟ ಮಾಡಿ ಬಂದಿದ್ದರು. ದಾವೆಯಲ್ಲಿ ಮಾತ್ರ ನಮ್ಮವರ ಉದ್ಯೋಗ "ಒಕ್ಕಲುತನ"!

ಅಮೆರಿಕದಲ್ಲಿ 2003ರ ಕಾನೂನು ಇದಕ್ಕಿಂತ ಗಟ್ಟಿ. ಎದುರಾಳಿ ಕೋರ್ಟಿಗೆ ಬರಲಿಲ್ಲ ಅಂದರೆ, ಅವನು ಸೈನ್ಯದಲ್ಲಿದ್ದಾನೋ ಇಲ್ಲವೋ ಅಂತ ದಾವೆ ಹಾಕಿದವನು ಪ್ರಮಾಣಪತ್ರ ಕೊಡಬೇಕು. ಸುಳ್ಳು ಬರೆದರೆ ಜೈಲು. ಸೈನಿಕ ಅಂತ ಗೊತ್ತಾದರೆ, ಅವನಿಗೊಬ್ಬ ವಕೀಲರನ್ನು ನೇಮಿಸದೆ ತೀರ್ಪು ಕೊಡುವಂತಿಲ್ಲ. ನಮ್ಮ ಕಾಯ್ದೆಗೂ ಇಷ್ಟು ಸೇರಿಸಲಿ. ಸಂಸತ್ತಿಗೆ ಇದು ದೊಡ್ಡ ಕೆಲಸ ಅಲ್ಲ. 2021ರಲ್ಲಿ ಚುನಾವಣಾ ಕಾನೂನಿನಲ್ಲಿ "ಹೆಂಡತಿ" ಅಂತ ಇದ್ದದ್ದನ್ನು "ಸಂಗಾತಿ" ಅಂತ ಮಾಡಿದರು. ಆ ಒಂದೇ ಪದದಿಂದ ಸೈನ್ಯದಲ್ಲಿರುವ ಹೆಣ್ಣುಮಕ್ಕಳ ಗಂಡಂದಿರಿಗೂ ಸೇವಾ ಮತದಾರರಾಗುವ, ಅಂದರೆ ದೂರದಲ್ಲಿದ್ದೇ ಊರಿನ ಮತ ಹಾಕುವ ದಾರಿ ತೆರೆಯಿತು, ಅಲ್ವಾ?

ನಮ್ಮ ನಾಡಿನವರು ಹೊರದೇಶದ ಸೇವೆಗೆ ಹೋಗುವುದು ಹೊಸದೇನಲ್ಲ. ಕೊಡಗಿನ ಜನರಲ್ ತಿಮ್ಮಯ್ಯನವರು ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ನಡೆಸುತ್ತಿದ್ದಾಗಲೇ, 1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಇವತ್ತಿಗೂ ಲೆಬನಾನ್, ದಕ್ಷಿಣ ಸುಡಾನ್ ಅಂತ ಹೋಗುವವರ ಹಿಂದೆ ಒಂದು ಮನೆ, ಒಂದು ಹೊಲದ ಉತಾರ ಇದ್ದೇ ಇರುತ್ತದೆ.

ನಮ್ಮ ಡಿಕ್ರಿ ಕೊನೆಗೂ ರದ್ದಾಯಿತು. ದಾವೆ ಇನ್ನೂ ನಡೆಯುತ್ತಿದೆ. ನಿಮ್ಮ ಮನೆಯವರು ಹೊರಗಿದ್ದಾಗ ಬೇಲಿಫ್ ಬಂದರೆ ನನ್ನ ಹಾಗೆ ಸುಮ್ನೆ ಕೂರಬೇಡಿ. ಈ ಕಾಯ್ದೆಯ ಹೆಸರು ಬರೆದು ಡಿಸಿಯವರಿಗೆ ಒಂದು ಅರ್ಜಿ ಕೊಡಿ. ಇವರು ಸೇವೆಯಲ್ಲಿದ್ದಾರೆ ಅಂತ ಕೋರ್ಟಿಗೆ ತಿಳಿಸುವ ಅಧಿಕಾರ ಅವರಿಗಿದೆ. ಮತ್ತೆ ಆ ರಾತ್ರಿಯೇ ಫೋನಿನಲ್ಲಿ ನಿಮ್ಮವರಿಗೂ ಹೇಳಿಬಿಡಿ.