ಸತ್ತವರ ಸಂಬಳ ನೋಡಿ ಪರಿಹಾರ: ಸರಿಯೇ, ತಪ್ಪೇ?

ರಸ್ತೆ ಅಪಘಾತದಲ್ಲಿ ದುಡಿಯುವ ಜೀವವೊಂದು ಹೋದರೆ, ಅದನ್ನೇ ನೆಚ್ಚಿಕೊಂಡಿದ್ದವರಿಗೆ ಸಿಗಬೇಕಾದ ಹಣವನ್ನು ನಮ್ಮಲ್ಲಿ ಮೃತರ ಆದಾಯದ ಮೇಲೆ ಲೆಕ್ಕ ಹಾಕುತ್ತಾರೆ. ಹೆಚ್ಚು ಗಳಿಸುತ್ತಿದ್ದವರ ಮನೆಗೆ ಹೆಚ್ಚು, ಕಡಿಮೆ ಗಳಿಸುತ್ತಿದ್ದವರ ಮನೆಗೆ ಕಡಿಮೆ. ಈ ಪದ್ಧತಿಯೇ ಮುಂದುವರಿಯಬೇಕೇ, ಇಲ್ಲ ಎಲ್ಲ ಸಾವಿಗೂ ಒಂದೇ ಮೊತ್ತ ಇರಬೇಕೇ? ಎರಡು ಬರಹಗಳನ್ನೂ ಆಯಾ ಕಡೆಯ ವಕೀಲನಾಗಿ ನಿಂತು ಬರೆದಿದ್ದೇನೆ. ನನ್ನ ಒಲವು ಯಾವ ಕಡೆಗಿದೆ ಎಂಬುದು ಓದುವವರಿಗೆ ತಿಳಿಯದೇ ಇರದು.

ಪರ: ಮನೆಗೆ ಬರುತ್ತಿದ್ದ ಹಣ ಎಷ್ಟು?

ಜೀವಕ್ಕೆ ಬೆಲೆ ಕಟ್ಟಲಾಗದು ಎಂಬ ಮಾತು ಸಾವಿನ ಮನೆಯಲ್ಲಿ ಆಡುವುದಕ್ಕೆ ಸರಿ. ಮರುತಿಂಗಳು ಮನೆಯೊಡೆಯ ಬಾಡಿಗೆ ಕೇಳಲು ಬಂದಾಗ ಅದು ಒದಗುವುದಿಲ್ಲ. ಕಾನೂನು ಕೇಳುವ ಪ್ರಶ್ನೆ ಚಿಕ್ಕದು, ಹಾಗಾಗಿಯೇ ಉತ್ತರಿಸಬಹುದಾದದ್ದು: ಈ ವ್ಯಕ್ತಿ ಬದುಕಿದ್ದಿದ್ದರೆ ಈ ಮನೆಗೆ ಎಷ್ಟು ಹಣ ಬರುತ್ತಿತ್ತು? 1855ರ ಮಾರಣಾಂತಿಕ ಅಪಘಾತಗಳ ಕಾಯ್ದೆಯ ಕಾಲದಿಂದ ನಮ್ಮ ನ್ಯಾಯಾಲಯಗಳು ಇದನ್ನೇ ಕೇಳುತ್ತಾ ಬಂದಿವೆ.

ಉತ್ತರ ಕಂಡುಹಿಡಿಯುವ ದಾರಿಯನ್ನು ಸುಪ್ರೀಂ ಕೋರ್ಟ್ 2009ರ ಒಂದು ತೀರ್ಪಿನಲ್ಲಿ ಕ್ರಮಬದ್ಧಗೊಳಿಸಿತು. 2017ರಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಗಟ್ಟಿ ಮಾಡಿತು. ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಸಿಂಧನೂರಿನ ಕಡೆಯಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದ 32 ವರ್ಷದವನೊಬ್ಬ ರಸ್ತೆ ದಾಟುವಾಗ ಲಾರಿ ಹರಿದು ಸತ್ತ. ತಿಂಗಳಿಗೆ 12,000 ರೂಪಾಯಿ ದುಡಿಯುತ್ತಿದ್ದ ಎಂದು ನ್ಯಾಯಮಂಡಳಿ ಒಪ್ಪಿತು. ಕಾಯಂ ನೌಕರಿಯಿಲ್ಲದ, 40 ತುಂಬದವನ ಸಂಪಾದನೆ ಮುಂದೆ ಹೆಚ್ಚುತ್ತಿತ್ತು ಎಂದು ಶೇ 40ರಷ್ಟು ಸೇರಿಸುತ್ತಾರೆ: 16,800. ವರ್ಷಕ್ಕೆ 2,01,600. ಮನೆಯಲ್ಲಿ ಹೆಂಡತಿ, ಮಗು, ತಾಯಿ ಇದ್ದಾರೆ. ಮೂವರು ಅವಲಂಬಿತರಿದ್ದರೆ ಅವನ ಸ್ವಂತ ಖರ್ಚಿಗೆಂದು ಮೂರನೆಯ ಒಂದು ಭಾಗ ಕಳೆಯಬೇಕು. ಉಳಿದದ್ದು 1,34,400. ಎಷ್ಟು ವರ್ಷದ ಗಳಿಕೆ ತುಂಬಿಕೊಡಬೇಕೆಂದು ವಯಸ್ಸು ನೋಡಿ ಹೇಳುವ ಅಂಕಿಗೆ ಗುಣಕ ಎನ್ನುತ್ತಾರೆ; ಅವನ ವಯಸ್ಸಿಗೆ ಅದು 16. ಗುಣಿಸಿದರೆ 21,50,400 ರೂಪಾಯಿ. ಶವಸಂಸ್ಕಾರದ ಖರ್ಚು, ಹೆಂಡತಿ ಕಳೆದುಕೊಂಡ ಸಾಂಗತ್ಯ ಇತ್ಯಾದಿ ಬಾಬ್ತುಗಳು ಇದರ ಮೇಲೆ.

ಈಗ ಒಂದೇ ಮೊತ್ತದ ಏರ್ಪಾಡುಗಳನ್ನು ಇದರ ಪಕ್ಕದಲ್ಲಿಟ್ಟು ನೋಡಿ. ರೈಲು ಅಪಘಾತದ ಸಾವಿಗೆ 2017ರಿಂದ 8 ಲಕ್ಷ. ಮೋಟಾರು ವಾಹನ ಕಾಯ್ದೆಯ 164ನೆಯ ಸೆಕ್ಷನ್ ಪ್ರಕಾರ, ತಪ್ಪು ಯಾರದೆಂದು ಕೇಳದೆ ಕೊಡುವುದು 5 ಲಕ್ಷ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ 2 ಲಕ್ಷ. ಅದು 2022ರ ಏಪ್ರಿಲ್‌ಗೆ ಮುಂಚೆ 25,000 ಇತ್ತು. ಈ ಮೂರರಲ್ಲಿ ಯಾವುದನ್ನೇ ಆರಿಸಿಕೊಂಡರೂ ಗಾರೆ ಕೆಲಸದವನ ಹೆಂಡತಿಗೆ ನಷ್ಟ. ಸಮಾನತೆಯ ಹೆಸರಿನಲ್ಲಿ ಅವಳ ಕೈಗೆ ಬರುವುದು ಗುಣಕದ ಲೆಕ್ಕದ ಅರ್ಧವೂ ಅಲ್ಲ.

ನಿಗದಿತ ಮೊತ್ತಗಳಿಗೆ ಇನ್ನೊಂದು ಕೆಟ್ಟ ಗುಣವಿದೆ: ಒಮ್ಮೆ ಬರೆದಿಟ್ಟರೆ ಅವು ಕದಲುವುದಿಲ್ಲ. 1994ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿಸಿದ ಎರಡನೆಯ ಅನುಸೂಚಿಯನ್ನು ತೆಗೆದು ನೋಡಿ. ಅದು ವರ್ಷಕ್ಕೆ 40,000 ರೂಪಾಯಿಗಿಂತ ಹೆಚ್ಚಿನ ಆದಾಯವನ್ನು ಲೆಕ್ಕಕ್ಕೇ ತೆಗೆದುಕೊಳ್ಳುತ್ತಿರಲಿಲ್ಲ. ದುಡಿಮೆ ಇಲ್ಲದವರ ಆದಾಯವನ್ನು ವರ್ಷಕ್ಕೆ 15,000 ಎಂದು ಊಹಿಸುತ್ತಿತ್ತು. ಶವಸಂಸ್ಕಾರಕ್ಕೆ 2,000. ಈ ಅಂಕಿಗಳು 2018ರವರೆಗೆ ಪುಸ್ತಕದಲ್ಲಿ ಹಾಗೆಯೇ ಕುಳಿತಿದ್ದವು. ಅಷ್ಟರಲ್ಲಿ ಅಕ್ಕಿಯ ಬೆಲೆ, ಕೂಲಿಯ ದರ, ಶಾಲೆಯ ಶುಲ್ಕ ಎಲ್ಲವೂ ಎಲ್ಲಿಂದೆಲ್ಲಿಗೋ ಹೋಗಿದ್ದವು. ಇವುಗಳನ್ನು ತಿದ್ದಬೇಕೆಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದರೂ ಸರ್ಕಾರಗಳಿಗೆ ಅವಸರವಿರಲಿಲ್ಲ. ಸತ್ತವರ ಅವಲಂಬಿತರು ಮತಬ್ಯಾಂಕು ಆಗುವುದಿಲ್ಲವಲ್ಲ. ಆದಾಯದ ಲೆಕ್ಕವಾದರೋ ಕೂಲಿ ಏರಿದಂತೆ ತಾನೂ ಏರುತ್ತದೆ. ಅದಕ್ಕೆ ಯಾವ ಮಂತ್ರಿಯ ಸಹಿಯೂ ಬೇಕಿಲ್ಲ.

ಮಿತಿ ಹಾಕುವ ಆಸೆ ಎಷ್ಟು ಸುಲಭವಾಗಿ ಹುಟ್ಟುತ್ತದೆ ಎಂಬುದಕ್ಕೆ 2016ರ ತಿದ್ದುಪಡಿ ಮಸೂದೆ ಸಾಕ್ಷಿ. ಸಾವಿನ ಪ್ರಕರಣದಲ್ಲಿ ಥರ್ಡ್ ಪಾರ್ಟಿ ವಿಮೆಯ, ಅಂದರೆ ವಾಹನದಿಂದ ಬೇರೆಯವರಿಗಾದ ಹಾನಿಯನ್ನು ತುಂಬುವ ವಿಮೆಯ, ಹೊಣೆ 10 ಲಕ್ಷಕ್ಕೆ ನಿಲ್ಲಬೇಕು ಎಂದು ಅದರಲ್ಲಿತ್ತು. ವಿರೋಧ ಬಂದದ್ದರಿಂದ ಅದನ್ನು ಕೈಬಿಟ್ಟರು. ಜಾರಿಗೆ ಬಂದಿದ್ದರೆ ಮೇಲಿನ ಕುಟುಂಬಕ್ಕೆ ವಿಮೆಯಿಂದ ಬರುವ ಹಣ ಅರ್ಧಕ್ಕಿಂತ ಕೆಳಗಿಳಿಯುತ್ತಿತ್ತು.

ಮನೆಯ ಗಾತ್ರವನ್ನು ನೋಡುವುದೂ ಈ ಲೆಕ್ಕವೇ. ಮದುವೆಯಾಗದವನು ಸತ್ತರೆ ಆದಾಯದ ಅರ್ಧ ಕಳೆಯುತ್ತಾರೆ. ನಾಲ್ಕರಿಂದ ಆರು ಮಂದಿಯನ್ನು ಸಾಕುತ್ತಿದ್ದವನಾದರೆ ಕಾಲು ಭಾಗ ಮಾತ್ರ, ಆರಕ್ಕಿಂತ ಹೆಚ್ಚಿದ್ದರೆ ಐದನೆಯ ಒಂದು ಭಾಗ. ಒಂಟಿ ಬಾಳಿನವನಿಗೂ ಏಳು ಹೊಟ್ಟೆ ತುಂಬುತ್ತಿದ್ದವನಿಗೂ ಒಂದೇ ಮೊತ್ತ ಎನ್ನುವವರು ಈ ಏಳು ಹೊಟ್ಟೆಗಳಿಗೆ ಏನು ಹೇಳುತ್ತಾರೆ?

ದೊಡ್ಡ ಸಂಬಳದವರ ಕುಟುಂಬಕ್ಕೆ ಕೋಟಿ ಸಿಗುವುದು ಕಣ್ಣು ಕುಕ್ಕುತ್ತದೆ, ಒಪ್ಪಿದೆ. ಆದರೆ ಆ ಮನೆಯ ಮೇಲೆ ಆ ಸಂಬಳವನ್ನೇ ನಂಬಿ ಕೊಟ್ಟ ಇಪ್ಪತ್ತು ವರ್ಷದ ಗೃಹಸಾಲವಿರುತ್ತದೆ. ಗುದ್ದಿದವನು ಕೆಡವಿದ್ದಕ್ಕೆ ತಕ್ಕಂತೆ ತುಂಬಿಕೊಡಬೇಕು.

ವಿರೋಧ: ಕಟ್ಟುವಾಗ ಸಮ, ಕೊಡುವಾಗ ತಾರತಮ್ಯ

ತುಂಬಿಕೊಡುವವನು ಗುದ್ದಿದವನಲ್ಲ, ಮೊದಲು ಅದನ್ನು ತಿಳಿದುಕೊಳ್ಳೋಣ. ತುಂಬಿಕೊಡುವುದು ವಿಮಾ ನಿಧಿ. ಅದಕ್ಕೆ ಹಣ ಹಾಕುವವರು ವಾಹನ ಇಟ್ಟುಕೊಂಡ ಪ್ರತಿಯೊಬ್ಬರೂ. 2022ರಲ್ಲಿ ನಿಗದಿಯಾದ ದರದಂತೆ 75ರಿಂದ 150 ಸಿಸಿ ಬೈಕಿನ ಥರ್ಡ್ ಪಾರ್ಟಿ ವಿಮೆಗೆ ವರ್ಷಕ್ಕೆ 714 ರೂಪಾಯಿ. ಕೌಂಟರಿನಲ್ಲಿ ಎಂಜಿನ್ನಿನ ಗಾತ್ರ ಕೇಳುತ್ತಾರೆ, ಸಂಬಳ ಕೇಳುವುದಿಲ್ಲ. ತರಕಾರಿ ಮಾರುವವನೂ ಅಷ್ಟೇ ಕಟ್ಟುತ್ತಾನೆ, ಮ್ಯಾನೇಜರನೂ ಅಷ್ಟೇ ಕಟ್ಟುತ್ತಾನೆ.

ಹಣ ಹೊರಗೆ ಬರುವಾಗ ಏನಾಗುತ್ತದೆ ನೋಡಿ. ಮೊದಲ ಬರಹದ ಗಾರೆ ಕೆಲಸದವನ ವಯಸ್ಸಿನ, ಅವನಷ್ಟೇ ಅವಲಂಬಿತರಿರುವ, ತಿಂಗಳಿಗೆ ಒಂದು ಲಕ್ಷ ಸಂಬಳದ ಕಾಯಂ ನೌಕರನನ್ನು ಅದೇ ಲಾರಿಯ ಕೆಳಗೆ ಕಲ್ಪಿಸಿಕೊಳ್ಳಿ. ಅವನಿಗೆ ಸೇರಿಸುವ ಭವಿಷ್ಯದ ಹೆಚ್ಚಳ ಶೇ 40 ಅಲ್ಲ, ಶೇ 50. ಏಕೆಂದರೆ ಅವನದು ಕಾಯಂ ಕೆಲಸ. ಆದಾಯ ತೆರಿಗೆಯನ್ನು ಬದಿಗಿಟ್ಟು ಗುಣಿಸಿದರೆ 1 ಕೋಟಿ 92 ಲಕ್ಷ. ಬದುಕಿದ್ದಾಗ ಇಬ್ಬರ ಸಂಬಳದ ಅಂತರ ಎಂಟು ಪಟ್ಟು ಚಿಲ್ಲರೆ. ಸತ್ತ ಮೇಲೆ ಸುಮಾರು ಒಂಬತ್ತು ಪಟ್ಟು. ಅಂತರವನ್ನು ಕಾಪಾಡುವುದಷ್ಟೇ ಅಲ್ಲ, ಈ ಸೂತ್ರ ಅದನ್ನು ಬೆಳೆಸುತ್ತದೆ.

ಹೆಂಗಸರ ವಿಷಯಕ್ಕೆ ಬಂದರೆ ಇನ್ನೂ ಕಷ್ಟ. ಒಂದೇ ಹೊಲದಲ್ಲಿ ಒಂದೇ ದಿನ ದುಡಿದರೂ ಹೆಣ್ಣಾಳಿಗೆ ಗಂಡಾಳಿಗಿಂತ ಕಡಿಮೆ ಕೂಲಿ ಕೊಡುವುದು ನಮ್ಮ ಎಷ್ಟೋ ಊರುಗಳ ರೂಢಿ. ಗುಣಕ ಆ ಅನ್ಯಾಯವನ್ನು ಹದಿನಾರು ಸಲ ಕೂಡುತ್ತದೆ. ಇನ್ನು ಮನೆಯಲ್ಲೇ ದುಡಿಯುವವಳು. 1994ರ ಅನುಸೂಚಿ ಅವಳ ಆದಾಯವನ್ನು ಗಂಡನ ಗಳಿಕೆಯ ಮೂರನೆಯ ಒಂದು ಭಾಗ ಎಂದು ಹೇಳಿತು. ಯಾರು ಯಾವ ಅಡಿಗೆಮನೆಯಲ್ಲಿ ನಿಂತು ಇದನ್ನು ಅಳೆದರೋ ತಿಳಿಯದು. 1989ರಲ್ಲಿ ಜಮ್‌ಶೆಡ್‌ಪುರದ ಉಕ್ಕಿನ ಕಾರ್ಖಾನೆಯ ಸಮಾರಂಭದಲ್ಲಿ ಬೆಂಕಿ ಬಿದ್ದು ಅನೇಕರು ಸತ್ತರು; ಅವರಲ್ಲಿ ಗೃಹಿಣಿಯರಿದ್ದರು. ಅವರ ಸೇವೆಗೆ ತಿಂಗಳಿಗೆ 3,000 ರೂಪಾಯಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2001ರಲ್ಲಿ. 2021ರಲ್ಲಿ ಅದೇ ಕೋರ್ಟ್ ಗೃಹಿಣಿಯ ದುಡಿಮೆಗೆ ಆದಾಯ ಕಲ್ಪಿಸಲೇಬೇಕು ಎಂದಿತು. ಒಳ್ಳೆಯದೇ. ಆದರೂ ಪ್ರತಿ ಕೇಸಿನಲ್ಲಿ ಗಂಡ ಬಂದು, ತನ್ನ ಹೆಂಡತಿ ಏನೇನು ಮಾಡುತ್ತಿದ್ದಳು ಎಂದು ಸಾಕ್ಷಿಕಟ್ಟೆಯಲ್ಲಿ ನಿಂತು ಒಪ್ಪಿಸಬೇಕು.

ಸೂತ್ರದ ಪರ ವಾದಿಸುವವರು ಮುಟ್ಟದೆ ಬಿಡುವ ಸಂಗತಿ ಒಂದಿದೆ. ಗಾರೆ ಕೆಲಸದವನಿಗೆ ಸಂಬಳದ ಚೀಟಿ ಇರುವುದಿಲ್ಲ. ಮೇಸ್ತ್ರಿ ಕೋರ್ಟಿಗೆ ಬರುವುದಿಲ್ಲ. ಆಗ ನ್ಯಾಯಮಂಡಳಿ ಕಾಲ್ಪನಿಕ ಆದಾಯ ಹಿಡಿಯುತ್ತದೆ. ಕರ್ನಾಟಕದಲ್ಲಿ ಇದಕ್ಕೆ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರ ಲೋಕ ಅದಾಲತ್‌ಗಳಿಗಾಗಿ ತಯಾರಿಸಿದ ಕೋಷ್ಟಕವೇ ಇದೆ: ಅಪಘಾತವಾದ ವರ್ಷ ನೋಡು, ಎದುರಿಗಿರುವ ಮೊತ್ತ ತೆಗೆದುಕೋ. ಹೈಕೋರ್ಟ್ ಕೂಡ ಮೇಲ್ಮನವಿಗಳಲ್ಲಿ ಅದನ್ನೇ ಆಧರಿಸುತ್ತದೆ. ಅಂದರೆ ಕಾಗದವಿಲ್ಲದ ಬಡವರ ಪಾಲಿಗೆ ಎಲ್ಲರಿಗೂ ಒಂದೇ ಆದಾಯ ಎಂಬ ಪದ್ಧತಿ ಈಗಾಗಲೇ ಬಂದಾಗಿದೆ. ಒಬ್ಬೊಬ್ಬರನ್ನೂ ಬೇರೆಬೇರೆಯಾಗಿ ತೂಗಿ ನೋಡುವ ಸೌಭಾಗ್ಯ ಫಾರ್ಮ್ 16, ಅಂದರೆ ಸಂಬಳ-ತೆರಿಗೆಯ ಲೆಕ್ಕದ ಪತ್ರ, ಇರುವವರಿಗೆ ಮಾತ್ರ.

ಈ ತೂಕಕ್ಕೆ ಹಿಡಿಯುವ ಕಾಲ ಬೇರೆ. ಆದಾಯ ಎಷ್ಟೆಂಬುದು ಕೇಸಿನ ಮುಖ್ಯ ಪ್ರಶ್ನೆಯಾದ ಕೂಡಲೇ ಅದನ್ನು ಅಲ್ಲಗಳೆಯುವುದು ವಿಮಾ ಕಂಪನಿಯ ಮುಖ್ಯ ಕೆಲಸವಾಗುತ್ತದೆ. ನ್ಯಾಯಮಂಡಳಿಯ ತೀರ್ಪಾದ ಮೇಲೆ ಬೆಂಗಳೂರು, ಧಾರವಾಡ ಅಥವಾ ಕಲಬುರಗಿ ಪೀಠದಲ್ಲಿ ಮೇಲ್ಮನವಿ. ಕೊನೆಗೂ ಹಣ ಬಾರದೆ ಕೋರ್ಟಿನ ಅಮೀನರು ಸಾರಿಗೆ ಬಸ್ಸನ್ನು ಜಪ್ತಿ ಮಾಡಿದ ಸುದ್ದಿ ನಮ್ಮ ಜಿಲ್ಲಾ ಪುಟಗಳಿಗೆ ಹೊಸದಲ್ಲ. ಅಷ್ಟರೊಳಗೆ ಮಗು ಶಾಲೆ ಬಿಟ್ಟಿರುತ್ತದೆ. ಅತ್ತೆ-ಸೊಸೆ ಹಂಚಿಕೆಯ ಜಗಳದಲ್ಲಿ ಬೇರೆಯಾಗಿರುತ್ತಾರೆ.

ಮಂಗಳೂರಿನವರಿಗೆ ಇದು ಇನ್ನೊಂದು ರೀತಿಯಲ್ಲಿ ಗೊತ್ತು. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಉರುಳಿ 158 ಮಂದಿ ಸತ್ತರು. ಸತ್ತವರಲ್ಲಿ ಕೊಲ್ಲಿ ದೇಶಗಳಲ್ಲಿ ಸಣ್ಣಪುಟ್ಟ ಕೆಲಸ ಮಾಡುತ್ತಿದ್ದವರು ಬಹಳ ಮಂದಿ. ವಿಮಾನ ಸಂಸ್ಥೆಗಳ ಹೊಣೆಯನ್ನು ಹೇಳುವ ಅಂತರರಾಷ್ಟ್ರೀಯ ಮಾಂಟ್ರಿಯಲ್ ಒಪ್ಪಂದದಂತೆ ಪ್ರತಿ ಕುಟುಂಬಕ್ಕೂ ಕನಿಷ್ಠ ಸುಮಾರು 75 ಲಕ್ಷ ಕೊಡಬೇಕು ಎಂದು 2011ರಲ್ಲಿ ಕೇರಳ ಹೈಕೋರ್ಟಿನ ಏಕಸದಸ್ಯ ಪೀಠ ಹೇಳಿತು. ಕೆಲವೇ ವಾರಗಳಲ್ಲಿ ವಿಭಾಗೀಯ ಪೀಠ ಅದನ್ನು ರದ್ದುಪಡಿಸಿತು: ನಷ್ಟ ಎಷ್ಟೆಂದು ತೋರಿಸಿದಷ್ಟಕ್ಕೇ ಹಣ. ಉನ್ನತ ಹುದ್ದೆಯಲ್ಲಿದ್ದ ಒಬ್ಬರ ಕುಟುಂಬಕ್ಕೆ 2020ರಲ್ಲಿ ಸುಪ್ರೀಂ ಕೋರ್ಟ್ 7 ಕೋಟಿಗೂ ಹೆಚ್ಚು ಪರಿಹಾರ ನೀಡಿತು. ಅವರಿಗೆ ಸಿಕ್ಕಿದ್ದರ ಬಗ್ಗೆ ನನಗೆ ಹೊಟ್ಟೆಕಿಚ್ಚಿಲ್ಲ. ಅದೇ ಕಣಿವೆಯಲ್ಲಿ ಸುಟ್ಟುಹೋದ ಅಂಗಡಿ ಸಹಾಯಕನ ಮನೆಯವರಿಗೆ ಕನಿಷ್ಠ ಮೊತ್ತವೆಂಬುದೂ ಇಲ್ಲವಾಯಿತಲ್ಲ, ಅದರ ಬಗ್ಗೆ ಸಂಕಟವಿದೆ.

ಈ ಲೆಕ್ಕವನ್ನು ಅತಿ ದೊಡ್ಡ ಪ್ರಮಾಣದಲ್ಲಿ ಮಾಡಿದ ಮನುಷ್ಯ ಅಮೆರಿಕದ ಕೆನೆತ್ ಫೈನ್‌ಬರ್ಗ್. 2001ರ ಸೆಪ್ಟೆಂಬರ್ 11ರ ದಾಳಿಯಲ್ಲಿ ಸತ್ತವರ ಕುಟುಂಬಗಳಿಗೆ ಅವರು ಆದಾಯ ನೋಡಿ ಎರಡೂವರೆ ಲಕ್ಷ ಡಾಲರಿನಿಂದ 70 ಲಕ್ಷ ಡಾಲರಿಗೂ ಮೇಲೆ ಹಂಚಿದರು. ಕಾನೂನು ಹಾಗೆ ಹೇಳಿತ್ತು. ಮುಗಿದ ಮೇಲೆ, ಎಲ್ಲರಿಗೂ ಒಂದೇ ಮೊತ್ತ ಕೊಡುವುದೇ ಸರಿಯಾಗಿತ್ತು ಎಂಬ ನಿಲುವಿಗೆ ಬಂದರು. 2007ರ ವರ್ಜೀನಿಯಾ ಟೆಕ್ ಗುಂಡಿನ ದಾಳಿಯ ನಿಧಿಯನ್ನು ಹಂಚುವಾಗ ಸತ್ತ ಪ್ರಾಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಭೇದ ಮಾಡಲಿಲ್ಲ.

ಈಗಿನ ನಿಗದಿತ ಮೊತ್ತಗಳು ನಾಚಿಕೆಗೇಡು ಎಂಬ ಮೊದಲ ಬರಹದ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. 5 ಲಕ್ಷವನ್ನು ಎಲ್ಲರಿಗೂ ಹಂಚಿ ಸಮಾನತೆ ಎನ್ನುವುದಾದರೆ ನಾನೂ ಗುಣಕದ ಕಡೆಗೇ ನಿಲ್ಲುತ್ತೇನೆ. ನಾನು ಕೇಳುವುದು ಬೇರೆ: ರಾಜ್ಯದ ಕನಿಷ್ಠ ವೇತನಕ್ಕೆ ಕಟ್ಟಿಹಾಕಿದ, ವರ್ಷವರ್ಷವೂ ತಾನಾಗಿ ಏರುವ, ಅವಲಂಬಿತರ ಸಂಖ್ಯೆಗೆ ತಕ್ಕಂತೆ ಹೆಚ್ಚುವ ಒಂದು ಮೊತ್ತ. ಸಂಬಳದ ಚೀಟಿ ಕೇಳದೆ, ಮರಣ ಪತ್ರ ಮತ್ತು ಪೊಲೀಸ್ ದಾಖಲೆ ನೋಡಿ ಮೂರು ತಿಂಗಳೊಳಗೆ ಕೈಗೆ ಬರಬೇಕು. ದೊಡ್ಡ ಸಂಬಳದವರು ತಮ್ಮ ಸಾಲಕ್ಕೆ, ತಮ್ಮ ಜೀವನಮಟ್ಟಕ್ಕೆ ತಕ್ಕ ಜೀವವಿಮೆಯನ್ನು ತಾವೇ ಕೊಳ್ಳಲಿ. ಕೊಳ್ಳುವ ಶಕ್ತಿ ಅವರಿಗಿದೆ.

ಎಷ್ಟು ಎಂದು ಕೇಳಿದರೆ ಅಂಕಿ ಹೇಳಲು ಹಿಂಜರಿಯುವುದಿಲ್ಲ. 2025ರ ಜೂನ್‌ನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದ ಬಳಿ ಕಾಲ್ತುಳಿತದಲ್ಲಿ 11 ಮಂದಿ ಸತ್ತಾಗ ರಾಜ್ಯ ಸರ್ಕಾರ ಮೊದಲು ತಲಾ 10 ಲಕ್ಷ ಎಂದಿತು, ಜನ ಸಿಟ್ಟಾದ ಮೇಲೆ 25 ಲಕ್ಷಕ್ಕೆ ಏರಿಸಿತು. ಯಾರ ಸಂಬಳವನ್ನೂ ಕೇಳಲಿಲ್ಲ. ರಸ್ತೆಯಲ್ಲಿ ಸತ್ತವರಿಗೂ ಅಲ್ಲಿಂದಲೇ ಶುರುವಾಗಲಿ. ಗಾರೆ ಕೆಲಸದವನ 21 ಲಕ್ಷಕ್ಕಿಂತ ಒಂದು ರೂಪಾಯಿ ಕಡಿಮೆಯಾದರೂ ನಾನು ಈ ವಾದವನ್ನು ಹಿಂತೆಗೆದುಕೊಳ್ಳುತ್ತೇನೆ.