ಶಿಲುಬೆಯ ಗುರುತೋ, ನೊಣ ಓಡಿಸೋದೋ?

ಇವತ್ತು ಚರ್ಚಿನ ಬಲಿಪೂಜೆಯಲ್ಲಿ (ಮಾಸ್) ಮುಂದಿನ ಬೆಂಚಿನ ಮಕ್ಕಳನ್ನು ನೋಡಿ ತಲೆ ಕೆಟ್ಟುಹೋಯ್ತು. ಶಿಲುಬೆಯ ಗುರುತು ಅಂದ್ರೆ ಹಣೆ, ಎದೆ, ಎರಡೂ ಭುಜ ಮುಟ್ಟೋದು. ಇವರದ್ದು ಹಣೆ, ಮೂಗು, ಗಲ್ಲ, ಮುಗೀತು! ಮಕ್ಕಳನ್ನು ಏನಂತ ಬೈಯೋದು, ಹಿಂದೆ ನಿಂತ ಅಪ್ಪ-ಅಮ್ಮನ ಕೈಯೂ ಮುಖದ ಮುಂದೆ ನೊಣ ಓಡಿಸ್ತಿತ್ತು. ವಿರಾಜಪೇಟೆಯ ಸಂತ ಅನ್ನಮ್ಮನ ಚರ್ಚ್ 1792ರದ್ದು. ಅಂದಿನಿಂದ ಕೊಡಗಿನಲ್ಲಿ ಹಾಕ್ತಾ ಬಂದ ಗುರುತಿಗೆ ಈಗ ಐದು ಸೆಕೆಂಡೂ ಇಲ್ವಾ?

ಮಗುವಿಗೆ ಎದುರು ಕೂತು ಹೇಳಿಕೊಡಬೇಡಿ. ನೀವು ಬಲಗೈ ಎತ್ತಿದ್ರೆ ಅದು ಎಡಗೈ ಎತ್ತುತ್ತೆ. ಎದುರೇ ಕೂರೋದಾದ್ರೆ ನೀವು ಎಡಗೈಯಲ್ಲಿ, ನಿಮ್ಮ ಬಲಭುಜದಿಂದ ಎಡಭುಜಕ್ಕೆ ತೋರಿಸಿ. ಅದಕ್ಕಿಂತ ಸುಲಭ, ಹಿಂದೆ ಮಂಡಿಯೂರಿ ಅದರ ಬಲಗೈಯನ್ನೇ ಹಿಡಿದು ನಡೆಸೋದು. ಬೆರಳು ಜೋಡಿಸಿ ನೇರವಾಗಿರಲಿ. ಎಡಗೈ ಹೊಟ್ಟೆಯ ಮೇಲೆ ಸುಮ್ಮನಿರಲಿ, ಇಲ್ಲದಿದ್ರೆ ಅದು ಅಂಗಿ ಗುಂಡಿ ಕೀಳ್ತಾ ಇರುತ್ತೆ.

ಎಡವೋದು ಇಲ್ಲಿ: "ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ, ಆಮೆನ್" ಅನ್ನೋ ಮಾತಿಗೂ ಕೈಗೂ ತಾಳ ಕೂಡಲ್ಲ. "ಪಿತನ" ಅನ್ನೋ ಹೊತ್ತಿಗೆ ಬೆರಳು ಹಣೆ ಮುಟ್ಟಿರಬೇಕು. ಇಂಗ್ಲಿಷಿನಲ್ಲಿ "ಇನ್ ದ ನೇಮ್ ಆಫ್" ಅನ್ನುವಾಗ ಕೈ ಎತ್ತೋಕೆ ಸಮಯ ಸಿಗುತ್ತೆ, ನಮ್ಮಲ್ಲಿ ಸಿಗಲ್ಲ. ಹಾಗಾಗಿ ಮೊದಲು ಕೈ ಹಣೆಗೆ, ಆಮೇಲೆ ಬಾಯಿ. "ಸುತನ" ಅಂದಾಗ ಎದೆಯ ನಡುವೆ, ಗಲ್ಲದಲ್ಲಲ್ಲ. "ಪವಿತ್ರಾತ್ಮರ" ಶುರುವಾಗುವಾಗ ಎಡಭುಜ, ಮುಗಿಯುವಾಗ ಬಲಭುಜ. ಮಕ್ಕಳು ನುಂಗೋದೇ ಈ ಪದವನ್ನು, ಎಳೆದು ಹೇಳಿಸಿ. "ನಾಮದಲ್ಲಿ, ಆಮೆನ್" ಅಂದಾಗ ಕೈ ಜೋಡಿಸೋದು.

ಮಳೆಗಾಲದಲ್ಲಂತೂ ದಪ್ಪ ಜರ್ಕಿನ್ ತೋಳಿನೊಳಗೆ ಬೆರಳೇ ಕಾಣಲ್ಲ. ತೋಳು ಮಡಚಿರಪ್ಪಾ, ಆಮೇಲೆ ಕಲಿಸಿ! ಚರ್ಚಿನ ಬಾಗಿಲ ಬಳಿ, ಬೆರಳು ಅದ್ದಿ ಗುರುತು ಹಾಕೋ ತೀರ್ಥದ ಬಟ್ಟಲು ಮಕ್ಕಳಿಗೆ ಎಟುಕಲ್ಲ. ಎತ್ತಿ ಹಿಡಿದ್ರೆ ಮೊಣಕೈವರೆಗೆ ಮುಳುಗಿಸ್ತಾರೆ. ನಿಮ್ಮ ಬೆರಳು ಅದ್ದಿ, ಅವರ ಬೆರಳ ತುದಿಗೆ ಮುಟ್ಟಿಸಿ. ಒಂದು ಹನಿ ಸಾಕು.

ಪೂಜೆಯಲ್ಲಿ ಶುಭಸಂದೇಶ (ಬೈಬಲಿನ ಯೇಸುವಿನ ಕಥೆಯ ಭಾಗ) ಓದೋ ಹೊತ್ತಿಗೆ ಹೆಬ್ಬೆರಳಿನಿಂದ ಹಣೆ, ತುಟಿ, ಎದೆಯ ಮೇಲೆ ಹಾಕೋ ಮೂರು ಪುಟ್ಟ ಶಿಲುಬೆ ಬೇರೆ. ಎರಡನ್ನೂ ಒಂದೇ ವಾರ ಕಲಿಸಿದ್ರೆ ಕಲಸುಮೇಲೋಗರ. ದೊಡ್ಡ ಗುರುತು ಕೈಗೆ ಕೂತಮೇಲೆ ಚಿಕ್ಕದು.

"ಚಿಕ್ಕವರಲ್ವಾ, ದೊಡ್ಡವರಾದ್ಮೇಲೆ ಸರಿಹೋಗ್ತಾರೆ" ಅಂತೀರಿ. ಹೌದೌದು, ಹಿಂದಿನ ಬೆಂಚಿನಲ್ಲಿ ಸರಿಹೋದವರನ್ನು ನೋಡಿದ್ದಾಯ್ತಲ್ಲ! ದೇವರು ಲೆಕ್ಕ ಇಡಲ್ಲ ಅನ್ನೋದೂ ನಿಜ. ಆದ್ರೆ ಕೈಗೆ ಒಮ್ಮೆ ಅಂಟಿದ ಅವಸರ ಬಿಡಿಸೋದು ಕಷ್ಟ ಕಣ್ರೀ.

ಎಡಚ ಮಗುವಿನ ಕೈಗೆ ಮಾತ್ರ ಹೊಡೀಬೇಡಿ. ಪೆನ್ಸಿಲ್ ಎಡಗೈಯಲ್ಲೇ ಇರಲಿ, ಗುರುತಿಗೆ ಬಲಗೈ ಅಂತ ಮೆಲ್ಲಗೆ ಹಿಡಿದು ತೋರಿಸಿ.