ಯುರೋಪಿನಲ್ಲಿ ಮದ್ಯಕ್ಕೆ ವಯೋಮಿತಿ ಇಲ್ಲವೆಂಬುದು ಸರಿಯಲ್ಲ: ಸ್ಪಷ್ಟನೆ

ಯುರೋಪಿನಲ್ಲಿ ಹದಿಹರೆಯದವರು ಯಾವ ಮದ್ಯವನ್ನಾದರೂ ಕೊಳ್ಳಬಹುದು ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಹರಿದಾಡುತ್ತಿದೆ. ಅಲ್ಲಿಗೆ ಓದಲು ಹೊರಟಿರುವ ಮಕ್ಕಳು ಇದನ್ನು ನಂಬಬಾರದು. ಜರ್ಮನಿಯಲ್ಲಿ 16 ತುಂಬಿದವರಿಗೆ ಬಿಯರ್, ವೈನ್ ಮಾರಬಹುದಾದರೂ ವಿಸ್ಕಿ, ವೋಡ್ಕಾದಂತಹ ಭಟ್ಟಿ ಇಳಿಸಿದ ಮದ್ಯಕ್ಕೆ 18 ತುಂಬಿರಲೇಬೇಕು. ಈ ಅರ್ಧಸತ್ಯವೇ ಇಡೀ ಖಂಡದ ನಿಯಮವೆಂಬಂತೆ ಹಬ್ಬಿರಬಹುದು. ವೈನ್ ಊಟದ ಭಾಗವೇ ಆಗಿರುವ ಫ್ರಾನ್ಸ್ 2009ರಲ್ಲಿ, ಇಟಲಿ 2012ರಲ್ಲಿ ಮಾರಾಟದ ಮಿತಿಯನ್ನು 18ಕ್ಕೆ ಏರಿಸಿದರೆ, ಲಿಥುವೇನಿಯಾ 2018ರಿಂದ 20ಕ್ಕೆ ಏರಿಸಿತು. ಸ್ವೀಡನ್ನಿನ ಕ್ರಮ ಇನ್ನೂ ಬಿಗಿ: ಬಾರಿನಲ್ಲಿ ಕುಳಿತು ಕುಡಿಯಲು 18 ಸಾಕು, ಆದರೆ ಮನೆಗೆ ವೈನ್ ಬಾಟಲಿ ಒಯ್ಯಬೇಕೆಂದರೆ ಸಾಮಾನ್ಯವಾಗಿ ಸರ್ಕಾರಿ ಮದ್ಯದಂಗಡಿ ಸಿಸ್ಟಂಬೊಲಾಗೆಟ್‌ಗೇ ಹೋಗಬೇಕು, ಅಲ್ಲಿ 20 ತುಂಬಿರಬೇಕು, ಭಾನುವಾರ ಅದರ ಬಾಗಿಲು ತೆರೆಯುವುದಿಲ್ಲ.